ಸೂರತ್ ಮತ್ತು ವಜ್ರ: ಪದೇ ಪದೇ ಕೇಳುವ ಪ್ರಶ್ನೆಗಳು

ನಮ್ಮ ಕಡೆ ಸೂರತ್ ಎಂದರೆ ಸೀರೆ. ಚಿಕ್ಕಪೇಟೆಯ ಅಂಗಡಿಯವರು ಮಡಿಕೆ ಬಿಚ್ಚಿ ಹರಡುತ್ತಾ ‘ಸೂರತ್ ಮಾಲು, ದಿನಾ ಒಗೆದರೂ ಏನೂ ಆಗುವುದಿಲ್ಲ’ ಎನ್ನುವುದನ್ನು ಕೇಳದವರು ಕಡಿಮೆ. ಅದೇ ಊರಿನ ಇನ್ನೊಂದು ಮಾಲು ಮೂಗುಬೊಟ್ಟಾಗಿ, ಓಲೆಯಾಗಿ, ಉಂಗುರವಾಗಿ ಮನೆ ಸೇರಿರುತ್ತದೆ. ಅದರ ಊರು ಯಾವುದೆಂದು ಮಾತ್ರ ಯಾರೂ ವಿಚಾರಿಸುವುದಿಲ್ಲ. ನಾನು ಎರಡು ಸಲ ಸೂರತ್‌ಗೆ ಹೋಗಿ ಬಂದ ಮೇಲೆ ನೆಂಟರೂ ಗೆಳೆಯರೂ ಕೇಳಿದ, ಈಗಲೂ ಕೇಳುತ್ತಿರುವ ಪ್ರಶ್ನೆಗಳನ್ನು ಇಲ್ಲಿ ಒಟ್ಟು ಹಾಕಿದ್ದೇನೆ. ಕೆಲವಕ್ಕೆ ಒಂದು ಸಾಲಿನ ಉತ್ತರ ಸಾಕು. ಕೆಲವಕ್ಕೆ ಸಾಲದು.

ಸೂರತ್‌ನಲ್ಲಿ ವಜ್ರದ ಗಣಿ ಇದೆಯೇ?

ಇಲ್ಲ. ಭಾರತದಲ್ಲಿ ಈ ಕಾಲದಲ್ಲಿ ಹೇಳಿಕೊಳ್ಳುವಂಥ ವಜ್ರದ ಗಣಿ ಎಂದರೆ ಮಧ್ಯಪ್ರದೇಶದ ಪನ್ನಾ ಬಳಿಯ ಮಝಗವಾಂ. ಅದರ ಉತ್ಪತ್ತಿ ಸೂರತ್‌ನ ಹಸಿವಿಗೆ ಅರೆಕಾಸಿನ ಮಜ್ಜಿಗೆ. ಸೂರತ್ ಸಾಣೆ ಹಿಡಿಯುವ ಕಚ್ಚಾ ಹರಳು ಬೋಟ್ಸ್ವಾನಾ, ಅಂಗೋಲಾ, ದಕ್ಷಿಣ ಆಫ್ರಿಕಾ, ರಷ್ಯಾ, ಕೆನಡಾಗಳ ನೆಲದಿಂದ ಎದ್ದು, ಬಹುಮಟ್ಟಿಗೆ ಬೆಲ್ಜಿಯಂನ ಆ್ಯಂಟ್ವರ್ಪ್ ಅಥವಾ ದುಬೈ ದಾರಿಯಾಗಿ ಬರುತ್ತದೆ. ತಾಪಿ ನದಿಯ ದಡದ ಈ ಊರಿನಲ್ಲಿ ಇರುವುದು ಕೈಗಳು ಮಾತ್ರ.

ಜಗತ್ತಿನ ಹತ್ತು ವಜ್ರಗಳಲ್ಲಿ ಒಂಬತ್ತು ಸೂರತ್‌ನವು ಎನ್ನುತ್ತಾರೆ. ನಿಜವೇ?

ಎಣಿಕೆಯಲ್ಲಿ ಹೆಚ್ಚು ಕಡಿಮೆ ನಿಜ. ಬೆಲೆಯಲ್ಲಿ ಅಲ್ಲ. ಈ ವ್ಯತ್ಯಾಸವನ್ನು ಬಿಟ್ಟು ಮಾತನಾಡುವುದರಿಂದಲೇ ಸೂರತ್ ಬಗ್ಗೆ ಅರ್ಧ ತಪ್ಪು ತಿಳಿವಳಿಕೆ ಹುಟ್ಟಿದೆ.

ಇಲ್ಲಿ ಉಜ್ಜುವ ಹರಳುಗಳಲ್ಲಿ ಹೆಚ್ಚಿನವು ಸಣ್ಣವು. ದೊಡ್ಡ ಒಂಟಿ ಹರಳಿನ ಸುತ್ತ ಸಾಲಾಗಿ ಕೂರಿಸುತ್ತಾರಲ್ಲ, ಆ ಪುಡಿ ಹರಳುಗಳು. ಒಂದು ಕ್ಯಾರಟ್ ಎಂದರೆ 200 ಮಿಲಿಗ್ರಾಂ. ಅದರ ನೂರನೇ ಒಂದು ಭಾಗಕ್ಕೆ ಒಂದು ಸೆಂಟ್ ಎನ್ನುತ್ತಾರೆ. ಒಂದು ಸೆಂಟಿನ ದುಂಡು ಹರಳಿನ ಅಗಲ ಸುಮಾರು 1.3 ಮಿಲಿಮೀಟರ್, ಸಾಸಿವೆ ಕಾಳಿಗಿಂತಲೂ ಚಿಕ್ಕದು. ಇಂಥ ನೂರು ಹರಳು ಸೇರಿದರೂ ಒಂದು ಕ್ಯಾರಟ್ಟಿನ ಒಂಟಿ ಹರಳಿನ ಬೆಲೆಯ ಹತ್ತಿರ ಸುಳಿಯುವುದಿಲ್ಲ. ಈಚಿನ ವರ್ಷಗಳಲ್ಲಿ ದೊಡ್ಡ ಹರಳುಗಳೂ ಸೂರತ್‌ಗೆ ಬರುತ್ತಿವೆ ಎನ್ನುವುದನ್ನೂ ಸೇರಿಸಬೇಕು. ‘ದೊಡ್ಡ ಕಲ್ಲು ಆ್ಯಂಟ್ವರ್ಪ್‌ಗೆ, ಪುಡಿ ಸೂರತ್‌ಗೆ’ ಎಂಬ ಹಳೆಯ ಮಾತು ಈಗ ಹಾಗೇ ಉಳಿದಿಲ್ಲ.

ಇನ್ನೊಂದು ಮಾತು. ‘ಸೂರತ್’ ಎಂದು ಹೇಳುವಾಗ ಭಾವನಗರ, ಅಮ್ರೇಲಿ, ನವಸಾರಿ, ಅಹಮದಾಬಾದಿನ ಬಾಪುನಗರ, ಇವೆಲ್ಲವೂ ಅದರ ಹೊಟ್ಟೆಯೊಳಗೆ ಸೇರಿರುತ್ತವೆ.

ಬೇರೆ ಯಾವ ಊರಿಗೂ ಬಾರದ್ದು ಸೂರತ್‌ಗೇ ಏಕೆ ಬಂತು?

ಪ್ರವಾಸಿ ಕೈಪಿಡಿಗಳು ಮೊಘಲರ ಕಾಲದಿಂದ ಆರಂಭಿಸುತ್ತವೆ. ಸೂರತ್ ಆಗ ದೇಶದ ದೊಡ್ಡ ಬಂದರು, ಹಜ್ ಯಾತ್ರಿಕರ ಹಡಗು ಹೊರಡುತ್ತಿದ್ದ ಊರು, ಇಂಗ್ಲಿಷರು ಭಾರತದಲ್ಲಿ ಮೊದಮೊದಲು ಕೋಠಿ ತೆರೆದ ಜಾಗ, ಶಿವಾಜಿ 1664ರಲ್ಲೂ 1670ರಲ್ಲೂ ಲೂಟಿ ಮಾಡುವಷ್ಟು ಸಿರಿವಂತ ಪಟ್ಟಣ. ಎಲ್ಲವೂ ನಿಜ. ಆದರೆ ಇಂದಿನ ವಜ್ರದ ಕಸುಬಿಗೂ ಆ ವೈಭವಕ್ಕೂ ನೇರ ಬಳ್ಳಿ ಎಳೆಯುವುದು ನನಗೆ ಒಪ್ಪಿಗೆಯಾಗುವುದಿಲ್ಲ. ನಡುವೆ ಬಂದರು ಹೂಳು ತುಂಬಿತು, ವ್ಯಾಪಾರ ಬೊಂಬಾಯಿಗೆ ಹೋಯಿತು. ಸೂರತ್‌ಗೆ ಉಳಿದದ್ದು ಜರಿ ಮತ್ತು ಮಗ್ಗ.

ಈಗಿನ ಕಥೆ ನಿಜವಾಗಿ ಬೆಳೆದದ್ದು ಸ್ವಾತಂತ್ರ್ಯದ ನಂತರ, ಅದರಲ್ಲೂ 1960ರ ದಶಕದಿಂದ ಈಚೆಗೆ. ಎರಡು ಸಮುದಾಯಗಳು ಎರಡು ತುದಿ ಹಿಡಿದವು. ಉತ್ತರ ಗುಜರಾತಿನ ಪಾಲನ್‌ಪುರದ ಜೈನರು ವ್ಯಾಪಾರದ ತುದಿ ಹಿಡಿದು ಮುಂಬೈಯಲ್ಲಿ, ಅಲ್ಲಿಂದ ಆ್ಯಂಟ್ವರ್ಪ್‌ನಲ್ಲಿ ಕಚೇರಿ ತೆರೆದರು. ಸೌರಾಷ್ಟ್ರದ ಪಾಟೀದಾರರು ಕೆಲಸದ ತುದಿ ಹಿಡಿದರು. ಅಮ್ರೇಲಿ, ಭಾವನಗರದ ಕಡೆ ಮಳೆ ನಂಬಿ ಕಡಲೆಕಾಯಿ ಬೆಳೆಯುತ್ತಿದ್ದ ರೈತರ ಮಕ್ಕಳು ಬರ ಬಿದ್ದಾಗಲೆಲ್ಲ ಸೂರತ್ ಬಸ್ಸು ಹತ್ತಿದರು. ಅಣ್ಣ ಬಂದು ಕಲಿತ, ತಮ್ಮನನ್ನು ಕರೆಸಿದ, ತಮ್ಮ ಸೋದರಮಾವನ ಮಗನನ್ನು ಕರೆಸಿದ. ನಮ್ಮ ಉಡುಪಿಯವರ ಹೋಟೆಲುಗಳು ಮುಂಬೈಯಲ್ಲಿ ಹೇಗೆ ತುಂಬಿದವು ಎಂಬುದನ್ನು ನೆನಪಿಸಿಕೊಂಡರೆ ಇದನ್ನು ವಿವರಿಸುವ ಅಗತ್ಯವೇ ಇಲ್ಲ.

ಮೂರನೆಯದು ಕಲ್ಲು. ಸಣ್ಣ, ಕಂದು ಬಣ್ಣದ, ಒಳಗೆ ಕಲೆಗಳಿರುವ ಕಚ್ಚಾ ಹರಳನ್ನು ಯುರೋಪಿನ ಕೂಲಿ ಕೊಟ್ಟು ಉಜ್ಜಿಸಿದರೆ ಕೂಲಿಯ ಹಣವೂ ಹುಟ್ಟುತ್ತಿರಲಿಲ್ಲ. ಅವು ಯಂತ್ರಗಳ ಮೊನೆಗೆ, ಉಜ್ಜುವ ಪುಡಿಗೆ ಹೋಗುತ್ತಿದ್ದವು. ಸೂರತ್ ಅದನ್ನೇ ಕೈಗೆತ್ತಿಕೊಂಡಿತು. 1980ರ ದಶಕದಲ್ಲಿ ಪಶ್ಚಿಮ ಆಸ್ಟ್ರೇಲಿಯಾದ ಆರ್ಗೈಲ್ ಗಣಿ ಇಂಥ ಕಲ್ಲನ್ನು ರಾಶಿ ರಾಶಿ ಸುರಿಯತೊಡಗಿದಾಗ ಅದನ್ನು ನುಂಗುವ ಶಕ್ತಿ ಇದ್ದದ್ದು ಗುಜರಾತಿಗೆ ಮಾತ್ರ. ಅಗ್ಗದ ವಜ್ರದ ಒಡವೆ ಅಮೆರಿಕದ ಮಧ್ಯಮ ವರ್ಗದ ಕೈಗೆ ಎಟುಕಿದ್ದು ಈ ಜೋಡಿಯಿಂದ. ಆರ್ಗೈಲ್ 2020ರಲ್ಲಿ ಮುಚ್ಚಿತು. ಅಷ್ಟರಲ್ಲಿ ಸೂರತ್ ಬೇರು ಬಿಟ್ಟಾಗಿತ್ತು.

ಕಾರ್ಖಾನೆಯೊಳಗೆ ಏನು ಮಾಡುತ್ತಾರೆ?

ನಾನು ಒಳಹೊಕ್ಕದ್ದು ವರಾಛಾ ಪ್ರದೇಶದ ಒಂದು ಮಧ್ಯಮ ಗಾತ್ರದ ಕಾರ್ಖಾನೆಗೆ. ಮೂರನೇ ಮಹಡಿ, ಮೆಟ್ಟಿಲ ಬಳಿ ಚಪ್ಪಲಿಗಳ ಗುಡ್ಡೆ. ಒಳಗೆ ಸಾಲು ಸಾಲು ಮೇಜುಗಳು. ಒಂದೊಂದು ಮೇಜಿಗೆ ‘ಘಂಟಿ’ ಎನ್ನುತ್ತಾರೆ. ನಡುವೆ ಕಬ್ಬಿಣದ ತಟ್ಟೆ ತಿರುಗುತ್ತಿರುತ್ತದೆ, ಸುತ್ತ ನಾಲ್ವರು ಕೂತಿರುತ್ತಾರೆ. ತಟ್ಟೆಯ ಹೆಸರು ‘ಸರಣ್’. ಕೇಳಿದ ಕೂಡಲೇ ನಮ್ಮ ಸಾಣೆ ನೆನಪಾಯಿತು. ತಟ್ಟೆಗೆ ಎಣ್ಣೆಯಲ್ಲಿ ಕಲಸಿದ ವಜ್ರದ ಪುಡಿ ಸವರಿರುತ್ತಾರೆ, ಏಕೆಂದರೆ ವಜ್ರವನ್ನು ಸವೆಸಲು ವಜ್ರವೇ ಬೇಕು.

ಕೆಲಸಗಾರ ಹಿಡಿಕೆಯ ತುದಿಯಲ್ಲಿ ಹರಳನ್ನು ಸಿಕ್ಕಿಸಿ ತಟ್ಟೆಗೆ ಒತ್ತುತ್ತಾನೆ. ನಾಲ್ಕೈದು ಸೆಕೆಂಡು. ಎತ್ತುತ್ತಾನೆ, ಕಣ್ಣಿಗೆ ಹತ್ತು ಪಟ್ಟು ದೊಡ್ಡದಾಗಿ ತೋರಿಸುವ ಮಸೂರ ಹಿಡಿಯುತ್ತಾನೆ, ಮತ್ತೆ ಒತ್ತುತ್ತಾನೆ. ಆ ಮಸೂರಕ್ಕೆ ಅಲ್ಲಿ ‘ಆಯ್‌ಗ್ಲಾಸ್’ ಎಂದೇ ಹೆಸರು. ಒಬ್ಬನೇ ಇಡೀ ಹರಳನ್ನು ಮುಗಿಸುವುದಿಲ್ಲ. ಕೆಳಭಾಗ ಉಜ್ಜುವವನದು ‘ತಳಿಯಾ’ ಕೆಲಸ, ಮೇಲ್ಭಾಗದವನದು ‘ಮಥಾಳಾ’. ನೆತ್ತಿಯ ಚಪ್ಪಟೆ ಮುಖಕ್ಕೆ, ಅಂಚಿಗೆ ಬೇರೆ ಬೇರೆ ಜನ. ದುಂಡು ಹರಳಿಗೆ ಸಾಮಾನ್ಯವಾಗಿ 57 ಮುಖಗಳು. 1.3 ಮಿಲಿಮೀಟರಿನ ಮೇಲೆ 57 ಮುಖ! ನಾನು ಆಯ್‌ಗ್ಲಾಸ್ ಹಿಡಿದು ನೋಡಿದಾಗ ಕಂಡದ್ದು ನನ್ನದೇ ರೆಪ್ಪೆಗೂದಲು ಮಾತ್ರ. ಪಕ್ಕದಲ್ಲಿದ್ದ ಹುಡುಗ ನಕ್ಕು, ಮಸೂರವನ್ನು ಕಣ್ಣಿಗೆ ತಾಗುವಷ್ಟು ಹತ್ತಿರ ತಂದು, ಹರಳನ್ನು ಅದರ ಹತ್ತಿರಕ್ಕೆ ತರಬೇಕು ಎಂದು ತೋರಿಸಿಕೊಟ್ಟ.

ಘಂಟಿಗೆ ಬರುವ ಮೊದಲಿನ ಕೆಲಸ ಈಗ ಬಹುಪಾಲು ಯಂತ್ರದ್ದು. ಕಚ್ಚಾ ಹರಳನ್ನು ಯಂತ್ರ ಒಳಹೊರಗೆ ಅಳೆದು, ಯಾವ ಕಡೆ ಕೊಯ್ದರೆ ಎಷ್ಟು ತೂಕ ಉಳಿಯುತ್ತದೆ, ಕಲೆ ಎಲ್ಲಿ ಬಿಟ್ಟುಹೋಗುತ್ತದೆ ಎಂದು ಪರದೆಯ ಮೇಲೆ ತೋರಿಸುತ್ತದೆ. ಕೊಯ್ಯುವುದು ಲೇಸರ್. ಆದರೂ ಯಾವ ಆಯ್ಕೆ ಹಿಡಿಯಬೇಕೆಂದು ತೀರ್ಮಾನಿಸುವುದು ಮನುಷ್ಯನೇ, ಮತ್ತು ಕಾರ್ಖಾನೆಯಲ್ಲಿ ಅವನಿಗೇ ಹೆಚ್ಚು ಮರ್ಯಾದೆ. ಕಚ್ಚಾ ಹರಳಿನ ಅರ್ಧಕ್ಕಿಂತ ಹೆಚ್ಚು ತೂಕ ಎಷ್ಟೋ ಸಲ ಪುಡಿಯಾಗಿಯೇ ಹೋಗುತ್ತದೆ. ಅವನ ಒಂದು ತಪ್ಪು ಎಂದರೆ ಕೆಳಗಿನ ಹತ್ತು ಜನರ ಕೆಲಸ ನೀರಿನಲ್ಲಿ ಹೋಮ.

ನಾನಿದ್ದಾಗಲೇ ಒಂದು ಹರಳು ಚಿಮಟದಿಂದ ಜಿಗಿಯಿತು. ಘಂಟಿ ನಿಂತಿತು. ನಾಲ್ವರೂ ಕೂತಲ್ಲೇ ಅಲುಗಾಡದೆ ಉಳಿದರು. ಒಬ್ಬ ಹುಡುಗ ಮಾತ್ರ ಮೆಲ್ಲಗೆ ಕೆಳಗಿಳಿದು ಕೈಗುಂಚದಿಂದ ನೆಲ ಗುಡಿಸತೊಡಗಿದ. ಹತ್ತು ನಿಮಿಷದ ಮೇಲೆ ಅದು ಸಿಕ್ಕಿದ್ದು ಒಬ್ಬರ ಪ್ಯಾಂಟಿನ ಮಡಿಕೆಯಲ್ಲಿ. ಯಾರೂ ತಮಾಷೆ ಮಾಡಲಿಲ್ಲ.

ಬೀದಿಯಲ್ಲಿ ಸ್ಕೂಟರ್ ಮೇಲೆ ಕೂತು ವಜ್ರ ಮಾರುತ್ತಾರಂತೆ?

ಹೌದು. ಮಹಿಧರಪುರಾದ ಹೀರಾ ಬಜಾರ್‌ನಲ್ಲಿ, ವರಾಛಾದ ಮಿನಿ ಬಜಾರ್‌ನಲ್ಲಿ ಈಗಲೂ ನೋಡಬಹುದು. ನಿಲ್ಲಿಸಿದ ಸ್ಕೂಟರೇ ಗಾದಿ. ಜೇಬಿನಿಂದ ಮಡಿಸಿದ ಬಿಳಿ ಕಾಗದದ ಪೊಟ್ಟಣ ಹೊರಬರುತ್ತದೆ. ಅದಕ್ಕೆ ‘ಪಡೀಕು’ ಎನ್ನುತ್ತಾರೆ. ಒಳಗೆ ತೆಳು ನೀಲಿ ಕಾಗದ, ಅದರ ಮೇಲೆ ಚಿಟಿಕೆ ಸಕ್ಕರೆಯಷ್ಟು ಹರಳು. ಕೊಳ್ಳುವವನು ಚಿಮಟದಿಂದ ಒಂದೊಂದನ್ನೇ ಹೊರಳಿಸಿ, ಬಿಸಿಲಿಗೆ ಬೆನ್ನು ಮಾಡಿ ನೋಡುತ್ತಾನೆ. ತಲೆ ಅಲ್ಲಾಡಿಸುತ್ತಾನೆ. ಪೊಟ್ಟಣ ಮಡಿಕೆಯಾಗುತ್ತದೆ, ಮುಂದಿನ ಸ್ಕೂಟರಿಗೆ ಹೋಗುತ್ತದೆ. ನಮ್ಮ ಎಪಿಎಂಸಿ ಯಾರ್ಡಿನಲ್ಲಿ ಮೆಣಸಿನಕಾಯಿ ಮುರಿದು ಮೂಸಿ ನೋಡುವವರ ಮುಖದಲ್ಲಿರುವುದೇ ಗಾಂಭೀರ್ಯ ಇಲ್ಲಿಯೂ.

ಇದು ಬಡವ್ಯಾಪಾರ ಎಂದುಕೊಳ್ಳಬೇಡಿ. ಕಚೇರಿಯುಳ್ಳ ದೊಡ್ಡವರೂ ತಮಗೆ ಬೇಕಾದ ಅಳತೆಯ ನಾಲ್ಕು ಹರಳು ಕಡಿಮೆ ಬಿದ್ದಾಗ ದಲಾಲನನ್ನು ಕಳಿಸುವುದು ಇದೇ ಬೀದಿಗೆ.

ಹಾಗಾದರೆ ಕಳ್ಳತನ, ಮೋಸ ಆಗುವುದಿಲ್ಲವೇ?

ಆಗುತ್ತದೆ. ಹಣ ಮುಳುಗಿಸಿ ಊರು ಬಿಟ್ಟವರ ಸುದ್ದಿ ಅಲ್ಲಿನ ಪತ್ರಿಕೆಗಳಲ್ಲಿ ಆಗಾಗ ಬರುತ್ತದೆ. ಆದರೂ ವ್ಯಾಪಾರ ನಡೆಯುವುದು ನಂಬಿಕೆಯ ಮೇಲೆಯೇ. ಬೇರೆ ದಾರಿಯೂ ಇಲ್ಲ. ಮಾಲೀಕ ತನ್ನ ಹರಳನ್ನು ದಲಾಲನ ಕೈಗೆ ಕೊಡುವಾಗ ಬರೆಯುವ ಚೀಟಿಗೆ ‘ಜಾಂಗಡ್’ ಎಂದು ಹೆಸರು. ಇದು ಮಾರಾಟವಲ್ಲ, ತೋರಿಸಲು ಕೊಟ್ಟದ್ದು, ಒಪ್ಪಿಗೆಯಾಗದಿದ್ದರೆ ವಾಪಸ್ ಬರಬೇಕು ಎಂದು ಅದರ ಅರ್ಥ. ಲಕ್ಷಗಟ್ಟಲೆ ಬೆಲೆಯ ಮಾಲು ಅಂಗೈ ಅಗಲದ ಈ ಚೀಟಿಯ ಬಲದಿಂದ ಊರೆಲ್ಲ ಓಡಾಡುತ್ತದೆ.

ಸೂರತ್‌ನಿಂದ ಮುಂಬೈಗೆ ಮಾಲು ಒಯ್ಯುವವರು ಆಂಗಡಿಯಾಗಳು. ನಮ್ಮ ಅಂಗಡಿಗೂ ಈ ಹೆಸರಿಗೂ ನಂಟು ಹುಡುಕಬೇಡಿ. ಇವರು ತಲೆಮಾರುಗಳಿಂದ ಬೆಲೆಬಾಳುವ ಪೊಟ್ಟಣ ಮತ್ತು ಹಣ ಸಾಗಿಸುವ ಖಾಸಗಿ ಅಂಚೆಯವರು. ಸಂಜೆ ಕೊಟ್ಟದ್ದು ಮರುದಿನ ಬೆಳಿಗ್ಗೆ ಮುಂಬೈಯಲ್ಲಿ. ಅವರ ಮೇಲೆ ದರೋಡೆಗಳಾಗಿವೆ, ತೆರಿಗೆಯವರ ಕಣ್ಣೂ ಇದೆ. ಆದರೂ ನಡೆಯುತ್ತಿದೆ.

ಆಸೆಯ ಕಥೆಯೂ ಒಂದಿದೆ. 2023ರ ಸೆಪ್ಟೆಂಬರಿನಲ್ಲಿ ವರಾಛಾದ ರಸ್ತೆಯಲ್ಲಿ ಯಾರದೋ ವಜ್ರದ ಪೊಟ್ಟಣ ಬಿದ್ದಿದೆ ಎಂದು ಗುಲ್ಲೆದ್ದಿತು. ಜನ ರಸ್ತೆಯ ಮೇಲೆ ಕುಕ್ಕರುಗಾಲಿನಲ್ಲಿ ಕೂತು ದೂಳು ಕೆದಕಿದರು, ಕೆಲವರು ಮಣ್ಣನ್ನೇ ಬಾಚಿಕೊಂಡರು. ಸಿಕ್ಕ ಹರಳುಗಳು ಗಿಲೀಟಿನ ಒಡವೆಗೆ ಹಾಕುವ ಅಮೆರಿಕನ್ ಡೈಮಂಡ್.

ಸೂರತ್ ಡೈಮಂಡ್ ಬೋರ್ಸ್ ಎಂದರೇನು? ಅದು ತುಂಬಿದೆಯೇ, ಖಾಲಿಯೇ?

ನಗರದ ಹೊರಗೆ ಖಜೋದ್‌ನಲ್ಲಿ ಕಟ್ಟಿರುವ ವಹಿವಾಟಿನ ಕಟ್ಟಡ. ಹದಿನೈದು ಮಹಡಿಗಳ ಒಂಬತ್ತು ಗೋಪುರಗಳು, ಎಲ್ಲವನ್ನೂ ಬೆನ್ನೆಲುಬಿನಂತೆ ಜೋಡಿಸುವ ಒಂದು ನಡು ಹಾದಿ, 4,000ಕ್ಕೂ ಹೆಚ್ಚು ಕಚೇರಿಗಳು. ಅಮೆರಿಕದ ಪೆಂಟಗನ್‌ಗಿಂತ ದೊಡ್ಡ ಕಚೇರಿ ಕಟ್ಟಡ ಎಂಬ ಹೆಗ್ಗಳಿಕೆ. ಪ್ರಧಾನಿ ಉದ್ಘಾಟಿಸಿದ್ದು 2023ರ ಡಿಸೆಂಬರ್ 17ರಂದು.

ತುಂಬುವ ಮಾತು ಬೇರೆ. ಮುಂಬೈ ಕಚೇರಿಯನ್ನು ಎತ್ತಿಕೊಂಡು ಬಂದ ದೊಡ್ಡ ಸಂಸ್ಥೆಯೊಂದು ಕೆಲವೇ ವಾರಗಳಲ್ಲಿ ಮರಳಿ ಮುಂಬೈ ದಾರಿ ಹಿಡಿಯಿತು. ಬಾಂದ್ರಾ ಕುರ್ಲಾ ಸಂಕೀರ್ಣದ ಭಾರತ್ ಡೈಮಂಡ್ ಬೋರ್ಸ್‌ನಲ್ಲಿ ಬ್ಯಾಂಕು, ಸುಂಕದ ಕಚೇರಿ, ವಿದೇಶಿ ಗಿರಾಕಿ ಎಲ್ಲವೂ ಒಂದೇ ಆವರಣದಲ್ಲಿವೆ. ವಿಮಾನ ನಿಲ್ದಾಣ ಹತ್ತಿರ. ನ್ಯೂಯಾರ್ಕಿನಿಂದ ಬಂದವನನ್ನು ‘ಇನ್ನೊಂದು ವಿಮಾನ ಹಿಡಿದು ಬಾ’ ಎನ್ನುವುದು ಸುಲಭವಲ್ಲ. ನನ್ನ ಅನಿಸಿಕೆ ಕೇಳಿದರೆ, ಕಟ್ಟಡ ಕಟ್ಟಿದ ಮಾತ್ರಕ್ಕೆ ಪೇಟೆ ಕಟ್ಟಿದಂತೆ ಆಗುವುದಿಲ್ಲ. ಮಹಿಧರಪುರಾದ ಸ್ಕೂಟರಿನವನು ಗಾಜಿನ ಗೋಪುರಕ್ಕೆ ಬರಬೇಕಾದರೆ ಅವನ ಗಿರಾಕಿ ಮೊದಲು ಅಲ್ಲಿರಬೇಕು.

ಬೆಲೆ ಕಟ್ಟುವವರು ಯಾರು? ಸೂರತ್‌ನವರೇ ತಾನೆ?

ಅಲ್ಲ. ಸೂರತ್‌ನ ನೋವು ಇರುವುದೇ ಇಲ್ಲಿ.

ಕಚ್ಚಾ ಹರಳಿನ ಬೆಲೆ ಗಣಿ ಕಂಪನಿಗಳ ಕೈಯಲ್ಲಿದೆ. ಡಿ ಬಿಯರ್ಸ್ ವರ್ಷಕ್ಕೆ ಹತ್ತು ಸಲ ತಾನು ಆರಿಸಿದ ಗಿರಾಕಿಗಳಿಗೆ ಮಾತ್ರ ಪೆಟ್ಟಿಗೆ ಇಟ್ಟು ಮಾರುತ್ತದೆ. ಹಿಂದೆ ಲಂಡನ್ನಿನಲ್ಲಿ ನಡೆಯುತ್ತಿದ್ದ ಈ ಮಾರಾಟ 2013ರಿಂದ ಬೋಟ್ಸ್ವಾನಾದ ಗಾಬರೋನ್‌ನಲ್ಲಿ. ಉಜ್ಜಿದ ಹರಳಿಗೆ ಅಳತೆಗೋಲು 1978ರಿಂದ ನಡೆದುಬಂದ ರಾಪಾಪೋರ್ಟ್ ಪಟ್ಟಿ. ಅದು ಹುಟ್ಟಿದ್ದು ನ್ಯೂಯಾರ್ಕಿನಲ್ಲಿ. ಮಿನಿ ಬಜಾರ್‌ನ ದಲಾಲನೂ ‘ರಾಪ್‌ಗಿಂತ ಇಷ್ಟು ಪರ್ಸೆಂಟ್ ಕೆಳಗೆ’ ಎಂದೇ ಚೌಕಾಸಿ ಮಾಡುತ್ತಾನೆ. ಕೊನೆಯ ಗಿರಾಕಿ ಅಮೆರಿಕದಲ್ಲಿ. ತಲೆಯೂ ಬಾಲವೂ ಬೇರೆಯವರದು. ಸೂರತ್‌ಗೆ ಸಿಗುವುದು ನಡುವಿನ ತೆಳ್ಳನೆಯ ಅಂಚು. ಕಲ್ಲು ದುಬಾರಿಯಾದರೂ, ಗಿರಾಕಿ ಕೈ ಬಿಗಿ ಹಿಡಿದರೂ ಮೊದಲು ಸವೆಯುವುದು ಆ ಅಂಚೇ.

ಆ್ಯಂಟ್ವರ್ಪ್‌ನ ಕಥೆ ಮುಗಿಯಿತೇ?

ಮುಗಿದಿಲ್ಲ, ಬಡಕಲಾಗಿದೆ. ಐದು ಶತಮಾನಕ್ಕೂ ಹಿಂದಿನಿಂದ ಅದು ವಜ್ರದ ಊರು. ರೈಲು ನಿಲ್ದಾಣದ ಪಕ್ಕದ ಹೋವೆನಿಯರ್ಸ್ಟ್ರಾಟ್ ಎಂಬ ಗಲ್ಲಿಯ ಸುತ್ತ ನಾಲ್ಕು ಬೋರ್ಸ್‌ಗಳಿವೆ. ಅಲ್ಲಿನ ವ್ಯಾಪಾರ ಬಹುಕಾಲ ಯಹೂದಿ ಕುಟುಂಬಗಳ ಕೈಯಲ್ಲಿತ್ತು. ಈಗ ಅದರ ದೊಡ್ಡ ಪಾಲು ಗುಜರಾತಿಗಳದು, ಅದರಲ್ಲೂ ಪಾಲನ್‌ಪುರಿಗಳದು. ‘ಮಜ಼ಲ್’ ಎಂದು ಹೇಳಿ ಕೈ ಕುಲುಕಿದರೆ ವ್ಯಾಪಾರ ಕುದುರಿತು ಎಂಬ ಯಹೂದಿಗಳ ಪದ್ಧತಿಯನ್ನು ಗುಜರಾತಿಗಳೂ ಪಾಲಿಸುತ್ತಾರೆ. ಉಜ್ಜುವ ಕೆಲಸ ಅಲ್ಲಿ ಬೆರಳೆಣಿಕೆಯಷ್ಟು ಉಳಿದಿದೆ, ಅದೂ ಭಾರಿ ಹರಳುಗಳದು. ಕಚ್ಚಾ ಹರಳಿನ ವಹಿವಾಟಿನಲ್ಲೂ ಈಗ ದುಬೈ ಅದಕ್ಕೆ ಎದುರಾಳಿ.

ಕರ್ನಾಟಕಕ್ಕೂ ವಜ್ರದ ವ್ಯಾಪಾರಕ್ಕೂ ಏನಾದರೂ ನಂಟಿದೆಯೇ?

ಇದೆ, ಹಳೆಯದು. ಹದಿನೆಂಟನೇ ಶತಮಾನದಲ್ಲಿ ಬ್ರೆಜಿಲ್‌ನಲ್ಲಿ ವಜ್ರ ಸಿಗುವವರೆಗೆ ಜಗತ್ತಿಗೆ ವಜ್ರ ಕೊಡುತ್ತಿದ್ದದ್ದು ಮುಖ್ಯವಾಗಿ ನಮ್ಮ ದಖ್ಖನ್. ವಿಜಯನಗರಕ್ಕೆ ಬಂದಿದ್ದ ಪೋರ್ಚುಗೀಸ್ ಕುದುರೆ ವ್ಯಾಪಾರಿ ನೂನಿಜ್, ಗಣಿಯಲ್ಲಿ ಸಿಕ್ಕ ಹರಳು ಒಂದು ತೂಕ ಮೀರಿದರೆ ಅದು ಅರಸನಿಗೆ ಸೇರಬೇಕಿತ್ತು ಎಂದು ಬರೆದಿಟ್ಟಿದ್ದಾನೆ. ಬಳ್ಳಾರಿಗೆ ಹತ್ತಿರದ ಅನಂತಪುರ ಸೀಮೆಯ ವಜ್ರಕರೂರಿನ ಹೆಸರಿನಲ್ಲೇ ವಜ್ರವಿದೆ. ಮುಂಗಾರು ಬಿದ್ದ ಮೇಲೆ ಅಲ್ಲಿನ ಹೊಲಗಳಲ್ಲಿ ಇಂದಿಗೂ ಜನ ತಲೆ ತಗ್ಗಿಸಿ ಹರಳು ಹುಡುಕುತ್ತಾರೆ.

ನನಗೆ ಹೆಚ್ಚು ಇಷ್ಟವಾದದ್ದು ಹದಿನೇಳನೇ ಶತಮಾನದ ಫ್ರೆಂಚ್ ವ್ಯಾಪಾರಿ ತಾವೆರ್ನಿಯೆ ಕಂಡದ್ದು. ಬಿಜಾಪುರದ ಆದಿಲಶಾಹಿಗಳ ನೆಲದಲ್ಲಿದ್ದ ರಾವೋಲ್ಕೊಂಡ ಗಣಿಗೆ ಅವನು ಹೋಗಿದ್ದ. ಅದು ಕರ್ನೂಲು ಕಡೆಯ ರಾಮಳ್ಳಕೋಟ ಎಂದು ಹಲವರು ಗುರುತಿಸಿದ್ದಾರೆ. ಅಲ್ಲಿ ಕೊಳ್ಳುವವನೂ ಮಾರುವವನೂ ಎದುರುಬದುರು ಕೂತು, ಬಟ್ಟೆಯ ಮರೆಯಲ್ಲಿ ಕೈ ಹಿಡಿದು, ಬೆರಳು ಒತ್ತಿಯೇ ಬೆಲೆ ಕುದುರಿಸುತ್ತಿದ್ದರಂತೆ. ಸುತ್ತ ಜನ ನಿಂತಿದ್ದರೂ ಯಾರಿಗೂ ಬೆಲೆ ತಿಳಿಯುವುದಿಲ್ಲ. ನಮ್ಮ ದನದ ಜಾತ್ರೆಗಳಲ್ಲಿ ಟವೆಲ್ ಕೆಳಗೆ ಬೆರಳು ಹಿಡಿಯುವ ವ್ಯಾಪಾರ ನೋಡಿದವರಿಗೆ ಇದು ಹೊಸದಲ್ಲ.

ಅಜ್ಜಿಯ ಏಳು ಕಲ್ಲಿನ ಓಲೆ ಸೂರತ್‌ನದೇ?

ಅಜ್ಜಿಯ ಮದುವೆ 1950ಕ್ಕೂ ಮೊದಲು ಆಗಿದ್ದರೆ ಬಹುಶಃ ಅಲ್ಲ. ಆ ಕಾಲದ ಓಲೆಗಳ ಬಗ್ಗೆ ‘ಬ್ಲೂ ಜಾಗರ್’ ಎಂಬ ಮಾತು ದಕ್ಷಿಣದ ಮನೆಗಳಲ್ಲಿ ಇನ್ನೂ ಓಡಾಡುತ್ತದೆ. ದಕ್ಷಿಣ ಆಫ್ರಿಕಾದ ಯಾಗರ್ಸ್‌ಫೊಂಟೇನ್ ಗಣಿಯ ನಸುನೀಲಿ ಹರಳುಗಳಿಗೆ ಬಿದ್ದ ಹೆಸರು ಅದು. ಮಾರುವವರು ಎಲ್ಲ ಹಳೆಯ ಹರಳಿಗೂ ಆ ಹೆಸರು ಅಂಟಿಸಿದ್ದರಿಂದ, ಬರೀ ಹೆಸರು ನಂಬಿ ಹಿಗ್ಗಬೇಡಿ. ಮೊಮ್ಮಗಳ ಓಲೆಯಾದರೆ ಅದರ ಹರಳು ಸೂರತ್‌ನ ಘಂಟಿ ದಾಟಿಯೇ ಬಂದಿರಬೇಕು.

ಪ್ರಯೋಗಾಲಯದ ವಜ್ರ ನಕಲಿಯೇ?

ನಕಲಿ ಅಲ್ಲ. ಅದೂ ಇಂಗಾಲದ ಹರಳೇ. ಗಡಸುತನ, ಹೊಳಪು ಎಲ್ಲವೂ ಒಂದೇ. ಗಿಲೀಟಿನ ಒಡವೆಯ ಜಿರ್ಕೋನಿಯಾ ಬೇರೆ ವಸ್ತು, ಎರಡನ್ನೂ ಕಲಸಬೇಡಿ. ಬೀಜದಂತೆ ಇಟ್ಟ ತೆಳು ವಜ್ರದ ಬಿಲ್ಲೆಯ ಮೇಲೆ ಮೀಥೇನ್ ಮತ್ತು ಜಲಜನಕದ ಅನಿಲ ಕಾಯಿಸಿ ಪದರ ಪದರವಾಗಿ ಬೆಳೆಸುವುದು ಒಂದು ವಿಧಾನ. ಭಾರಿ ಒತ್ತಡ, ಬಿಸಿಯಲ್ಲಿ ಬೆಳೆಸುವುದು ಇನ್ನೊಂದು. ಭೂಮಿಗೆ ನೂರಾರು ಕೋಟಿ ವರ್ಷ ಹಿಡಿದದ್ದು ಇಲ್ಲಿ ಕೆಲವು ವಾರ. ಬರಿಗಣ್ಣಿಗೆ ವ್ಯತ್ಯಾಸ ತಿಳಿಯುವುದಿಲ್ಲ, ಆಯ್‌ಗ್ಲಾಸಿಗೂ ತಿಳಿಯುವುದಿಲ್ಲ, ಯಂತ್ರವೇ ಬೇಕು.

ಬೆಲೆ ಮಾತ್ರ ಬೇರೆ. ಬೆಳೆಸುವವರು ಹೆಚ್ಚಿದಂತೆ ಬೆಲೆ ಬಿದ್ದುಹೋಗಿದೆ. ಚೆಂದಕ್ಕೆ ಕೊಳ್ಳಿ. ‘ಆಪತ್ತಿಗೆ ಆಗುತ್ತದೆ’ ಎಂದು ಕೊಳ್ಳಬೇಡಿ.

ಇದರಿಂದ ಸೂರತ್‌ಗೆ ಲಾಭವೋ ನಷ್ಟವೋ?

ಎರಡೂ, ಒಂದೇ ಬೀದಿಯಲ್ಲಿ. ಬೆಳೆಸಿದ ವಜ್ರಕ್ಕೂ ಸಾಣೆ ಬೇಕು, ಆದ್ದರಿಂದ ಎಷ್ಟೋ ಕಾರ್ಖಾನೆಗಳು ಅತ್ತ ಹೊರಳಿ ಉಸಿರು ಉಳಿಸಿಕೊಂಡವು. ಬೆಳೆಸುವ ಯಂತ್ರಗಳ ಸಾಲುಗಳೂ ಸೂರತ್‌ನಲ್ಲೇ ಎದ್ದವು. 2023ರ ಜೂನ್‌ನಲ್ಲಿ ಪ್ರಧಾನಿ ಮೋದಿ ಅವರು ಜಿಲ್ ಬೈಡನ್ ಅವರಿಗೆ ಕೊಟ್ಟ 7.5 ಕ್ಯಾರಟ್ಟಿನ ಹಸಿರು ವಜ್ರ ಇಂಥದ್ದೇ. ಅದೇ ವರ್ಷದ ಬಜೆಟ್‌ನಲ್ಲಿ ಈ ತಂತ್ರಜ್ಞಾನದ ಸಂಶೋಧನೆಗೆ ನೆರವು ಘೋಷಣೆಯಾಯಿತು, ಹೊಣೆ ಐಐಟಿ ಮದ್ರಾಸಿಗೆ ಸಿಕ್ಕಿತು. ಇತ್ತ, ಅಗ್ಗದ ಹರಳು ಅಮೆರಿಕದ ನಿಶ್ಚಿತಾರ್ಥದ ಉಂಗುರಕ್ಕೆ ಏರಿದಂತೆ ಗಣಿಯ ಹರಳಿನ ಬೆಲೆ ಕುಸಿಯಿತು. ಕಪಾಟಿನಲ್ಲಿ ಹಳೆಯ ಬೆಲೆಗೆ ಕೊಂಡ ದಾಸ್ತಾನು ಇಟ್ಟುಕೊಂಡವರು ನಿದ್ದೆಗೆಟ್ಟರು.

‘ಮಂದಿ’ ಎಂದು ಸುದ್ದಿ ಬರುತ್ತಲೇ ಇದೆ. ಏನಾಗಿದೆ?

‘ಮಂದಿ’ ಎಂದರೆ ಅಲ್ಲಿ ಜನವಲ್ಲ, ವ್ಯಾಪಾರದ ಇಳಿತ. ಕನ್ನಡಿಗರಿಗೆ ಮೊದಲ ಸಲ ಕೇಳಿದಾಗ ಗೊಂದಲವಾಗುತ್ತದೆ.

ಭಾರತದಿಂದ ರಫ್ತಾದ ಉಜ್ಜಿದ ವಜ್ರದ ಮೊತ್ತ 2021–22ರಲ್ಲಿ ಸುಮಾರು 2,400 ಕೋಟಿ ಡಾಲರ್ ಇತ್ತು. 2024–25ಕ್ಕೆ ಅದು ಸುಮಾರು 1,300 ಕೋಟಿ ಡಾಲರಿಗೆ ಇಳಿಯಿತು. ಏಟುಗಳು ಒಂದರ ಹಿಂದೆ ಒಂದು ಬಿದ್ದವು. ಉಕ್ರೇನ್ ಯುದ್ಧದ ನಂತರ ರಷ್ಯಾದ ಅಲ್ರೋಸಾ ಎಂಬ ವಜ್ರದ ಗಣಿ ಕಂಪನಿಯ ಮೇಲೆ ನಿರ್ಬಂಧ. 2024ರಿಂದ ಜಿ–7 ದೇಶಗಳಲ್ಲಿ ರಷ್ಯಾದ ಹರಳಿಗೆ ಬಾಗಿಲು ಬಂದ್, ಒಂದು ಅಳತೆ ಮೀರಿದ ಹರಳಾದರೆ ಬೇರೆ ದೇಶದಲ್ಲಿ ಉಜ್ಜಿದ್ದರೂ ಸರಿಯೇ. ಚೀನಾದ ಗಿರಾಕಿ ಕೈ ಹಿಂದೆಗೆದ. ಬೆಳೆಸಿದ ವಜ್ರದ ಪೈಪೋಟಿ ಬೇರೆ. 2023ರ ಅಕ್ಟೋಬರ್ ಮಧ್ಯದಿಂದ ಎರಡು ತಿಂಗಳು ಉದ್ಯಮದವರೇ ಕಚ್ಚಾ ಹರಳಿನ ಆಮದು ನಿಲ್ಲಿಸಿ ನೋಡಿದರು. 2025ರ ಆಗಸ್ಟ್‌ನಲ್ಲಿ ಅಮೆರಿಕ ಭಾರತದ ಸರಕಿನ ಮೇಲಿನ ಸುಂಕವನ್ನು 50 ಪ್ರತಿಶತಕ್ಕೆ ಏರಿಸಿತು. ಇವುಗಳಲ್ಲಿ ಸೂರತ್‌ನಲ್ಲಿ ಕೂತು ಸರಿಪಡಿಸಬಹುದಾದದ್ದು ಯಾವುದು? ಒಂದೂ ಇಲ್ಲ.

ಕೆಲಸಗಾರರ ಪಾಡೇನು? ಸಂಬಳ ಎಷ್ಟು?

ತಿಂಗಳ ಸಂಬಳ ಎನ್ನುವುದೇ ಹೆಚ್ಚಿನವರಿಗಿಲ್ಲ. ಹರಳಿಗೆ ಇಷ್ಟು ಎಂದು ಕೂಲಿ. ಬೀಡಿ ಕಟ್ಟುವವರಿಗೆ ಸಾವಿರಕ್ಕೆ ಇಷ್ಟು ಎಂದು ಇರುವಂತೆ. ಕೈಚಳಕವಿದ್ದು ಮಾಲು ಬರುತ್ತಿದ್ದರೆ ಒಳ್ಳೆಯ ಗಳಿಕೆ. ಮಾಲು ನಿಂತರೆ ಗಳಿಕೆಯೂ ನಿಂತಿತು. ಮಾಲೀಕ ಯಾರನ್ನೂ ತೆಗೆದುಹಾಕಬೇಕಾಗಿಲ್ಲ. ವಾರಕ್ಕೆ ಎರಡು ರಜೆ ಕೊಟ್ಟರೆ ಸಾಕು, ದೀಪಾವಳಿಯ ರಜೆಯನ್ನು ಇನ್ನೊಂದಿಷ್ಟು ದಿನ ಎಳೆದರೆ ಸಾಕು.

ಹಿಂದೆ ಇವರನ್ನು ‘ಹೀರಾಘಸು’ ಎನ್ನುತ್ತಿದ್ದರು, ವಜ್ರ ತಿಕ್ಕುವವ ಎಂದು. ಈಗ ಮರ್ಯಾದೆಯಿಂದ ‘ರತ್ನಕಲಾಕಾರ’ ಎನ್ನುತ್ತಾರೆ. ಹೆಸರು ಬಂತು, ಭವಿಷ್ಯನಿಧಿ ಎಲ್ಲರಿಗೂ ಬರಲಿಲ್ಲ. ಆತ್ಮಹತ್ಯೆಗಳು ಹೆಚ್ಚಿದಾಗ, 2024ರಲ್ಲಿ, ವಜ್ರ ಕೆಲಸಗಾರರ ಸಂಘವೇ ಸಹಾಯವಾಣಿ ತೆರೆಯಬೇಕಾಯಿತು. ಮರುವರ್ಷ ಗುಜರಾತ್ ಸರ್ಕಾರ ಕೆಲಸ ಕಳೆದುಕೊಂಡವರ ಮಕ್ಕಳ ಶಾಲಾ ಶುಲ್ಕ ಭರಿಸುವ ನೆರವು ಪ್ರಕಟಿಸಿತು. ಇಪ್ಪತ್ತು ವರ್ಷ ತಳಿಯಾ ಮಾತ್ರ ಮಾಡಿದವನಿಗೆ ಬೇರೆ ಕಸುಬು ಬರುವುದಿಲ್ಲ. ನಾನು ಹತ್ತಿದ ಆಟೋದ ಚಾಲಕ ಅಂಥವನೇ. ಮಾತಿನ ನಡುವೆ ಬಲಗೈಯ ಹೆಬ್ಬೆರಳು ತೋರಿಸಿದ. ಹಿಡಿಕೆ ಒತ್ತಿ ಒತ್ತಿ ಒಂದು ಕಡೆ ಚಪ್ಪಟೆಯಾಗಿ ಕಾಯಿಗಟ್ಟಿತ್ತು.

ದೀಪಾವಳಿಗೆ ಕಾರು ಉಡುಗೊರೆ ಕೊಡುವುದು ನಿಜವೇ?

ನಿಜ. ಉದ್ಯಮಿ ಸಾವಜೀ ಧೋಳಕಿಯಾ ಅವರು ತಮ್ಮ ಸಂಸ್ಥೆಯ ಆಯ್ದ ನೌಕರರಿಗೆ ಕೊಟ್ಟಿದ್ದಾರೆ, ಒಂದಲ್ಲ, ಕೆಲವು ವರ್ಷ. ಆದರೆ ಅದೇ ಸೂರತ್‌ನ ರೂಢಿ ಎಂದುಕೊಂಡರೆ ಮೇಲಿನ ಉತ್ತರವನ್ನು ಇನ್ನೊಮ್ಮೆ ಓದಿ.

‘ರಕ್ತ ವಜ್ರ’ ನಮ್ಮ ಮನೆಗೆ ಬರದಂತೆ ತಡೆ ಇದೆಯೇ?

2003ರಿಂದ ಕಿಂಬರ್ಲಿ ಪ್ರಕ್ರಿಯೆ ಜಾರಿಯಲ್ಲಿದೆ. ಕಚ್ಚಾ ಹರಳು ಒಂದು ದೇಶದಿಂದ ಇನ್ನೊಂದಕ್ಕೆ ಹೋಗಬೇಕಾದರೆ ಮುಚ್ಚಿದ ಪೆಟ್ಟಿಗೆ, ಸರ್ಕಾರದ ಪ್ರಮಾಣಪತ್ರ ಬೇಕು. ಆದರೆ ಅದು ತಡೆಯುವುದು ಬಂಡುಕೋರರು ಯುದ್ಧಕ್ಕೆ ಹಣ ಮಾಡಿಕೊಳ್ಳುವ ಹರಳನ್ನು ಮಾತ್ರ. ಗಣಿಯ ಕೂಲಿಯವನಿಗೆ ಏನು ಸಿಕ್ಕಿತು ಎಂದು ಆ ಕಾಗದ ಹೇಳುವುದಿಲ್ಲ. ಒಮ್ಮೆ ಸಾಣೆಗೆ ಬಿದ್ದ ಮೇಲೆ ಹರಳಿನ ಮೂಲ ನೋಟಕ್ಕೆ ಸಿಗುವುದೂ ಇಲ್ಲ.

ಸೂರತ್‌ಗೆ ಹೋಗಿ ಅಗ್ಗಕ್ಕೆ ಕೊಳ್ಳಬಹುದೇ?

ಬೀದಿಯ ಬಜಾರ್‌ನಲ್ಲಿ ಕೊಳ್ಳಲೇಬೇಡಿ. ಅದು ಬಲ್ಲವರ ನಡುವಿನ ವ್ಯಾಪಾರ. ನಿಮಗೆ ಹರಳು ಓದಲು ಬಾರದಿದ್ದರೆ ನೀವು ಅಲ್ಲಿ ಗಿರಾಕಿಯಲ್ಲ, ಬೇಟೆ. ಒಡವೆ ಅಂಗಡಿಯಲ್ಲಿ ಕೊಳ್ಳುವುದಾದರೆ ಹರಳು ಪರೀಕ್ಷಿಸುವ ಜಿಐಎ ಅಥವಾ ಐಜಿಐ ಸಂಸ್ಥೆಯ ಪ್ರಮಾಣಪತ್ರ ಕೇಳಿ, ಅದರಲ್ಲಿನ ಸಂಖ್ಯೆಯನ್ನು ಅವರ ಜಾಲತಾಣದಲ್ಲಿ ಹೊಂದಿಸಿ ನೋಡಿ, ಗಣಿಯದ್ದೋ ಬೆಳೆಸಿದ್ದೋ ಎಂದು ಬರೆದಿರುವ ಸಾಲನ್ನು ಓದಿ. ಮರಳಿ ಕೊಂಡರೆ ಎಷ್ಟು ಕಡಿತ ಎಂದು ಬಿಲ್ಲಿನ ಮೇಲೆ ಬರೆಸಿಕೊಳ್ಳಿ. ಚಿನ್ನದ ಹಾಲ್‌ಮಾರ್ಕ್ ಇದ್ದರೆ ಹರಳಿಗೂ ಖಾತರಿ ಎಂದು ತಿಳಿಯುವವರಿದ್ದಾರೆ. ಆ ಗುರುತು ಚಿನ್ನಕ್ಕೆ ಮಾತ್ರ. ಇಷ್ಟೆಲ್ಲ ಬೆಂಗಳೂರಿನಲ್ಲೇ ಮಾಡಬಹುದು, ರೈಲಿನ ಖರ್ಚು ಉಳಿಯುತ್ತದೆ.

ನೋಡುವುದಕ್ಕಾದರೂ ಹೋಗಬೇಕು. ಯಾವಾಗ ಹೋಗಲಿ?

ದೀಪಾವಳಿಯ ಸುತ್ತಮುತ್ತ ಬೇಡ. ಕಾರ್ಖಾನೆಗಳೆಲ್ಲ ಬಾಗಿಲು ಹಾಕಿ, ಸೌರಾಷ್ಟ್ರದ ಬಸ್ಸುಗಳಿಗೆ ಮೈಲುದ್ದ ಸಾಲು ಇರುತ್ತದೆ; ವರಾಛಾ ಹಬ್ಬದ ಮರುದಿನದ ನಮ್ಮ ಕೆ.ಆರ್. ಮಾರುಕಟ್ಟೆಯಂತೆ ಬಿಕೋ ಎನ್ನುತ್ತದೆ. ಚಳಿಗಾಲದ ಒಂದು ಕೆಲಸದ ದಿನ ಬೆಳಿಗ್ಗೆ ಬಿಸಿ ಬಿಸಿ ಲೋಚೋ ತಿಂದು ಹೊರಡಿ, ಅದು ಕಡಲೆಬೇಳೆಯ ಹಿಟ್ಟನ್ನು ಆವಿಯಲ್ಲಿ ಬೇಯಿಸಿದ ಸೂರತ್‌ನ ತಿಂಡಿ. ಮಹಿಧರಪುರಾಕ್ಕೆ ಮಧ್ಯಾಹ್ನದ ಹೊತ್ತಿಗೆ ತಲುಪಿದರೆ ಬಜಾರ್ ಜೋರಾಗಿರುತ್ತದೆ. ಫೋಟೊ ತೆಗೆಯುವ ಮೊದಲು ಕೇಳಿ. ಮತ್ತೆ, ಯಾರಾದರೂ ಪಡೀಕು ಬಿಚ್ಚಿ ತೋರಿಸಿದರೆ ಬಗ್ಗಿ ನೋಡುವಾಗ ಉಸಿರು ಬಿಗಿ ಹಿಡಿಯಿರಿ. ನನಗೆ ಇದನ್ನು ಯಾರೂ ಮೊದಲೇ ಹೇಳಿರಲಿಲ್ಲ. ಹತ್ತಿರದಿಂದ ನೋಡುವ ಆಸೆಯಲ್ಲಿ ಮೂಗು ಕಾಗದದ ಮೇಲೆಯೇ ಇಟ್ಟಿದ್ದೆ. ಆ ಮುದುಕ ದಲಾಲ ತಟ್ಟನೆ ಅಂಗೈ ಅಡ್ಡ ಹಿಡಿದು, ‘ಭಾಯಿ, ಉಸಿರು ಬಿಟ್ಟರೆ ನನ್ನ ತಿಂಗಳ ಗಳಿಕೆ ಹಾರುತ್ತದೆ’ ಎಂದ.